ಪುಟ್ಟ ಚಿಪ್‌ನ ತಂತ್ರಾಂಶ ಮನೆಯ ಕಂಪ್ಯೂಟರ್‌ಗೆ ಬರುವ ಮುನ್ನ

ನಿಮ್ಮ ಅಡುಗೆ ಕೋಣೆಯ ಇಂಡಕ್ಷನ್ ಒಲೆಯನ್ನೊಮ್ಮೆ ಗಮನಿಸಿ. ಹಾಲಿನ ಗುಂಡಿ ಒತ್ತಿದರೆ ಅದು ಒಂದು ಬಗೆಯಲ್ಲಿ ಕಾಯುತ್ತದೆ, ಅನ್ನದ ಗುಂಡಿ ಒತ್ತಿದರೆ ಇನ್ನೊಂದು ಬಗೆಯಲ್ಲಿ. ಪಾತ್ರೆ ತೆಗೆದರೆ ತಾನಾಗಿಯೇ ನಿಲ್ಲುತ್ತದೆ. ವಾಷಿಂಗ್ ಮೆಷಿನ್ ಯಾವಾಗ ನೀರು ತುಂಬಬೇಕು, ಯಾವಾಗ ಹಿಂಡಬೇಕು ಎಂಬುದನ್ನು ತಾನೇ ನಿರ್ಧರಿಸುತ್ತದೆ. ಇವುಗಳೊಳಗೆ ಕುಳಿತು ಆಜ್ಞೆ ಕೊಡುವುದು ಒಂದು ಪುಟ್ಟ ಚಿಪ್. ಅದರ ಹೆಸರು ಮೈಕ್ರೊಕಂಟ್ರೋಲರ್. ಅದು ಸ್ವಂತ ಬುದ್ಧಿಯಿಂದ ಏನನ್ನೂ ಮಾಡುವುದಿಲ್ಲ. ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕುಳಿತು ಬರೆದು ಕೊಟ್ಟ ಪಾಠವನ್ನು ಅದು ದಿನವೂ ತಪ್ಪದೆ ಒಪ್ಪಿಸುತ್ತದೆ, ಅಷ್ಟೇ.

ಆ ಪಾಠ ಬರೆಯುವ ಕೆಲಸ ಈಗ ನಮ್ಮ ಮಕ್ಕಳ ಕೈಗೆ ಬಂದಿದೆ. "ಉಮ್ಮಾ, ಪ್ರಾಜೆಕ್ಟ್‌ಗೆ ಒಂದು ಸಾಫ್ಟ್‌ವೇರ್ ಹಾಕಬೇಕು, ಲ್ಯಾಪ್‌ಟಾಪ್ ಕೊಡಿ" ಎಂದು ನಿಮ್ಮ ಮಗಳು ಕೇಳಿದರೆ ನೀವು ಏನು ಮಾಡುತ್ತೀರಿ? ಬಹಳಷ್ಟು ತಾಯಂದಿರು "ಅದೆಲ್ಲ ನಮಗೆ ತಿಳಿಯದು, ನೀನೇ ನೋಡಿಕೋ" ಎನ್ನುತ್ತಾರೆ. ಇನ್ನು ಕೆಲವರು ಹೆದರಿ "ಬೇಡ" ಎಂದುಬಿಡುತ್ತಾರೆ. ಈ ಎರಡು ಉತ್ತರಗಳ ನಡುವೆ ಮೂರನೆಯ ದಾರಿಯೊಂದಿದೆ. ಪ್ರೋಗ್ರಾಮಿಂಗ್‌ನ ಒಂದಕ್ಷರ ತಿಳಿಯದ ತಾಯಿಯೂ ಆ ದಾರಿಯಲ್ಲಿ ಮಗಳ ಜೊತೆ ನಡೆಯಬಹುದು. ಅದಕ್ಕೆ ಬೇಕಾದದ್ದು ಮೂರು ಪ್ರಶ್ನೆ ಮತ್ತು ಅರ್ಧ ಗಂಟೆಯ ಬಿಡುವು.

ಶಾಲೆಯ ಮೇಜಿನ ಮೇಲೆ ಬಂದ ವಿದ್ಯೆ

ಇದು ದೊಡ್ಡ ಎಂಜಿನಿಯರುಗಳ ವಿಷಯ ಎಂದು ಭಾವಿಸಬೇಡಿ. ನಮ್ಮ ನೆರೆಯ ಕಾಸರಗೋಡನ್ನೇ ನೋಡಿ. ಮಂಗಳೂರಿನ ಎಷ್ಟೋ ಮನೆಗಳಿಗೆ ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ನೆಂಟಸ್ತಿಕೆಯಿದೆ. ಅಲ್ಲಿನ ಸರಕಾರಿ ಶಾಲೆಗಳಿಗೆ ತಂತ್ರಜ್ಞಾನದ ವ್ಯವಸ್ಥೆ ಒದಗಿಸುವುದು ಕೇರಳ ಸರಕಾರದ 'ಕೈಟ್' ಸಂಸ್ಥೆ. 2022ರ ಡಿಸೆಂಬರ್‌ನಲ್ಲಿ ಅದು ರಾಜ್ಯದ 2,000 ಪ್ರೌಢಶಾಲೆಗಳಿಗೆ 9,000 ರೊಬೋಟಿಕ್ ಕಿಟ್‌ಗಳನ್ನು ಕೊಡಲು ಆರಂಭಿಸಿತು. ಆ ಪೆಟ್ಟಿಗೆಯಲ್ಲಿ ಆರ್ಡುಯಿನೊ ಊನೊ ಎಂಬ ಬೋರ್ಡ್, ಸಣ್ಣ ಎಲ್‌ಇಡಿ ದೀಪಗಳು, ಬೆಳಕನ್ನು ಗುರುತಿಸುವ ಸೆನ್ಸರ್, ಪುಟ್ಟ ಮೋಟಾರು, ಬಜರ್ ಮತ್ತು ವಯರುಗಳಿರುತ್ತವೆ. 2025ರ ಜೂನ್‌ನಿಂದ ಕೇರಳದಲ್ಲಿ ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ರೊಬೋಟಿಕ್ಸ್ ಕಡ್ಡಾಯ ಪಾಠವಾಗಿದೆ. ಪಠ್ಯಪುಸ್ತಕ ಕನ್ನಡ ಮಾಧ್ಯಮದ ಮಕ್ಕಳಿಗೂ ಕನ್ನಡದಲ್ಲೇ ಸಿಗುತ್ತದೆ. ಮುಖ ಗುರುತಿಸಿ ತಾನಾಗಿ ತೆರೆಯುವ ಬಾಗಿಲಿನ ಮಾದರಿಯನ್ನು ಹದಿನೈದು ವರ್ಷದ ಮಕ್ಕಳು ಅಲ್ಲಿ ಮಾಡಿ ನೋಡುತ್ತಾರೆ.

ಕರ್ನಾಟಕದಲ್ಲೂ ಈ ವಿದ್ಯೆ ಹೊಸತಲ್ಲ. ಕೇಂದ್ರದ ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ದೊರೆಯುತ್ತದೆ. 6ರಿಂದ 12ನೇ ತರಗತಿಯ ಮಕ್ಕಳು ಅಲ್ಲಿ ಇಂತಹ ಬೋರ್ಡುಗಳ ಜೊತೆ ಕೆಲಸ ಮಾಡುತ್ತಾರೆ. ಇನ್ನು ವಾಮಂಜೂರು, ಅಡ್ಯಾರ್, ನಡುಪದವು ಮುಂತಾದ ಕಡೆಗಳಲ್ಲಿರುವ ಎಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಮೈಕ್ರೊಕಂಟ್ರೋಲರ್ ಒಂದು ಪ್ರತ್ಯೇಕ ವಿಷಯವೇ ಆಗಿದೆ. ಹೀಗಾಗಿ ಇವತ್ತಲ್ಲದಿದ್ದರೆ ನಾಳೆ ಈ ತಂತ್ರಾಂಶ ನಿಮ್ಮ ಮನೆಯ ಬಾಗಿಲನ್ನು ತಟ್ಟುವುದು ಖಂಡಿತ.

ಅಪಾಯ ಎಲ್ಲಿದೆ?

ಬೋರ್ಡಿನಲ್ಲಿ ಅಪಾಯವಿಲ್ಲ. ಅದು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಯಿಂದ ಬರುವ ಕೇವಲ 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಕೈ ತಾಗಿದರೆ ಶಾಕ್ ಹೊಡೆಯುವುದಿಲ್ಲ. ಅಪಾಯ ಇರುವುದು ತಂತ್ರಾಂಶ ಎಲ್ಲಿಂದ ಬಂತು ಎಂಬುದರಲ್ಲಿ.

ನಮ್ಮ ಹೆಚ್ಚಿನ ಮನೆಗಳಲ್ಲಿರುವುದು ಒಂದೇ ಕಂಪ್ಯೂಟರ್. ಗಲ್ಫ್‌ನಲ್ಲಿರುವ ಯಜಮಾನರು ಕಳುಹಿಸಿದ ಹಣದ ಬ್ಯಾಂಕ್ ಲೆಕ್ಕ ಅದರಲ್ಲಿದೆ. ಪಾಸ್‌ಪೋರ್ಟ್, ಆಧಾರ್, ಮಕ್ಕಳ ಅಂಕಪಟ್ಟಿಯ ಪ್ರತಿಗಳಿವೆ. ಮದುವೆಯ, ಮಕ್ಕಳ ಬಾಲ್ಯದ ಫೋಟೋಗಳಿವೆ. ಅದೇ ಕಂಪ್ಯೂಟರಿಗೆ ಕಾಲೇಜಿನ ಸೀನಿಯರ್ ಒಬ್ಬರ ಪೆನ್‌ಡ್ರೈವ್‌ನಿಂದ 'ಫುಲ್ ವರ್ಷನ್' ಬಂದು ಸೇರುತ್ತದೆ. ಜೊತೆಗೆ 'ಕೀಜೆನ್', 'ಕ್ರ್ಯಾಕ್', 'ಆ್ಯಕ್ಟಿವೇಟರ್' ಎಂಬ ಹೆಸರಿನ ಒಂದು ಪುಟ್ಟ ಫೈಲ್. ಹಣ ಕೊಟ್ಟು ಪಡೆಯಬೇಕಾದ ಪರವಾನಗಿಯ ಬೀಗವನ್ನು ಮುರಿಯುವ ಸಾಧನವಿದು. "ಇದನ್ನು ಓಡಿಸುವ ಮೊದಲು ಆ್ಯಂಟಿವೈರಸ್ ನಿಲ್ಲಿಸಿ" ಎಂಬ ಸೂಚನೆಯೂ ಜೊತೆಗಿರುತ್ತದೆ. ಮನೆಗೆ ಬರುವ ಅಪರಿಚಿತನೊಬ್ಬ "ನಾನು ಒಳಗೆ ಬರುವಾಗ ಕಾವಲುಗಾರನನ್ನು ಹೊರಗೆ ಕಳುಹಿಸಿ" ಎಂದರೆ ನೀವು ಒಪ್ಪುವಿರಾ?

ಇದು ಸುಮ್ಮನೆ ಹೆದರಿಸುವ ಮಾತಲ್ಲ. ವಿಂಡೋಸ್‌ನ ಬೀಗ ಮುರಿಯುವ 'ಕೆಎಂಎಸ್‌ಪಿಕೊ' ಎಂಬ ಸಾಧನದ ನಕಲಿ ಪ್ರತಿಗಳಲ್ಲಿ, ಬ್ರೌಸರಿನಲ್ಲಿರುವ ಪಾಸ್‌ವರ್ಡ್‌ಗಳನ್ನು ಕದಿಯುವ 'ಕ್ರಿಪ್ಟ್‌ಬಾಟ್' ಅಡಗಿದ್ದುದನ್ನು ಭದ್ರತಾ ತಜ್ಞರು 2021ರ ಡಿಸೆಂಬರ್‌ನಲ್ಲಿ ಬಹಿರಂಗಪಡಿಸಿದರು. ಅದಕ್ಕಿಂತ ಕ್ರೂರವಾದುದು 'ಸ್ಟಾಪ್' ಅಥವಾ 'ಡಿಜೆವಿಯು' ಎಂಬ ಹೆಸರಿನ ಪಿಡುಗು. ಬೀಗ ಮುರಿದ ತಂತ್ರಾಂಶಗಳ ಬೆನ್ನೇರಿ ಬರುವ ಇದು ಕಂಪ್ಯೂಟರಿನ ಫೋಟೋ, ದಾಖಲೆಗಳನ್ನೆಲ್ಲ ತೆರೆಯಲಾಗದಂತೆ ಮಾಡಿಬಿಡುತ್ತದೆ. ಬಿಡಿಸಿಕೊಡಲು 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490 ಡಾಲರ್ ಸಾಕು ಎಂಬ ಚೀಟಿಯನ್ನೂ ಇಟ್ಟು ಹೋಗುತ್ತದೆ. ಹಣ ಕೊಟ್ಟರೂ ಫೋಟೋ ಮರಳಿ ಸಿಗುವ ಭರವಸೆಯಿಲ್ಲ.

ಇನ್ನೊಂದು ಮಾತು. ಸಹಪಾಠಿಯ ಪೆನ್ಸಿಲನ್ನು ಕೇಳದೆ ತರಬಾರದು ಎಂದು ನಾವು ಮಕ್ಕಳಿಗೆ ಬಾಲ್ಯದಲ್ಲೇ ಕಲಿಸುತ್ತೇವೆ. ತಂತ್ರಾಂಶವೂ ಯಾರದೋ ದುಡಿಮೆಯ ಫಲ. ಕೈಯಲ್ಲಿ ಹಿಡಿಯಲಾಗದು ಎಂಬ ಕಾರಣಕ್ಕೆ ಅದರ ಮೇಲಿನ ಹಕ್ಕು ಇಲ್ಲದಾಗುವುದಿಲ್ಲ. ಪೆನ್ಸಿಲಿಗೊಂದು ನ್ಯಾಯ, ಸಾಫ್ಟ್‌ವೇರಿಗೊಂದು ನ್ಯಾಯ ಇರಲು ಸಾಧ್ಯವಿಲ್ಲ.

ಸಂತೋಷದ ಸಂಗತಿಯೆಂದರೆ, ನಮ್ಮ ಮಕ್ಕಳ ಕಲಿಕೆಗೆ ಬೇಕಾದ ತಂತ್ರಾಂಶಗಳನ್ನು ತಯಾರಕರೇ ಉಚಿತವಾಗಿ ಕೊಡುತ್ತಿದ್ದಾರೆ. ಬಾಗಿಲು ತೆರೆದೇ ಇರುವಾಗ ಗೋಡೆ ಹಾರುವ ಅಗತ್ಯವೇನಿದೆ?

ಮೊದಲ ಪ್ರಶ್ನೆ: "ನಿನ್ನ ಬೋರ್ಡ್ ಯಾವುದು?"

ಎಲ್ಲ ಚಿಪ್‌ಗಳಿಗೂ ಒಂದೇ ತಂತ್ರಾಂಶ ಆಗದು. ಮಿಕ್ಸಿಯ ಜಾರ್ ಬೇರೆ ಕಂಪೆನಿಯ ಮಿಕ್ಸಿಗೆ ಕೂರುವುದಿಲ್ಲವಲ್ಲ, ಹಾಗೆಯೇ ಇದು. ಆದ್ದರಿಂದ ಡೌನ್‌ಲೋಡ್ ಮಾಡುವ ಮೊದಲು ಬೋರ್ಡಿನ ಹೆಸರು ಗೊತ್ತಿರಬೇಕು.

ಆರ್ಡುಯಿನೊ ಊನೊ ಆಗಿದ್ದರೆ 'ಆರ್ಡುಯಿನೊ ಐಡಿಇ' ಸಾಕು. ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಅಗ್ಗವಾಗಿ, ಸುಲಭವಾಗಿ ಸಿಗಲಿ ಎಂಬ ಉದ್ದೇಶದಿಂದ 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನ ಶಿಕ್ಷಣ ಸಂಸ್ಥೆಯಲ್ಲಿ ಮಾಸ್ಸಿಮೊ ಬಾಂಝಿ ಮತ್ತು ಅವರ ಸಂಗಡಿಗರು ರೂಪಿಸಿದ ವ್ಯವಸ್ಥೆಯಿದು. ಊನೊದ ಚಿಪ್‌ನಲ್ಲಿ ಪಾಠ ಇಡಲು ಇರುವ ಜಾಗ 32 ಕಿಲೋಬೈಟ್ ಮಾತ್ರ. ನಿಮ್ಮ ಮೊಬೈಲಿನ ಒಂದು ಫೋಟೋಗೆ ಇದರ ಸುಮಾರು ನೂರು ಪಟ್ಟು ಜಾಗ ಬೇಕು. ಅಷ್ಟು ಕಡಿಮೆ ಜಾಗದಲ್ಲೇ ಮಕ್ಕಳು ಬಾಗಿಲು ತೆರೆಸುತ್ತಾರೆ, ಗಿಡಕ್ಕೆ ನೀರುಣಿಸುತ್ತಾರೆ. ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆ ನಮ್ಮ ದೇಶದಲ್ಲೇ ರೂಪಿಸಿದ 'ವೇಗ' ಪ್ರೊಸೆಸರಿನ 'ಏರೀಸ್' ಬೋರ್ಡಿಗೂ ಇದೇ ತಂತ್ರಾಂಶದಲ್ಲಿ ಪಾಠ ಬರೆಯಬಹುದು.

ಬ್ರಿಟನ್ನಿನ ಬಿಬಿಸಿ 2016ರಲ್ಲಿ ಶಾಲಾ ಮಕ್ಕಳಿಗೆ ಹಂಚಿದ 'ಮೈಕ್ರೊ ಬಿಟ್' ಬೋರ್ಡ್ ಆಗಿದ್ದರೆ ಏನನ್ನೂ ಅಳವಡಿಸಬೇಕಿಲ್ಲ. 'ಮೇಕ್‌ಕೋಡ್' ಎಂಬ ತಾಣವನ್ನು ಬ್ರೌಸರಿನಲ್ಲಿ ತೆರೆದು, ಬಣ್ಣದ ತುಂಡುಗಳನ್ನು ಜೋಡಿಸಿದರಾಯಿತು. ಕಿರಿಯ ಮಕ್ಕಳಿಗೆ ಇದು ಅತ್ಯುತ್ತಮ. 'ರಾಸ್ಪ್‌ಬೆರಿ ಪೈ ಪಿಕೊ' ಬೋರ್ಡಿಗೆ ಎಸ್ಟೋನಿಯ ದೇಶದ ತಾರ್ತು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಥಾನಿ' ಎಂಬ ಸರಳ ಉಚಿತ ತಂತ್ರಾಂಶವಿದೆ. 'ಪಿಐಸಿ' ಚಿಪ್‌ಗಳಿಗೆ ಮೈಕ್ರೊಚಿಪ್ ಕಂಪೆನಿಯೇ 'ಎಂಪಿಲ್ಯಾಬ್ ಎಕ್ಸ್' ಅನ್ನು ಉಚಿತವಾಗಿ ಕೊಡುತ್ತದೆ.

ಎಂಜಿನಿಯರಿಂಗ್ ಓದುವವರು 8051 ಎಂಬ ಹಳೆಯ ಚಿಪ್‌ಗಾಗಿ 'ಕೀಲ್' ತಂತ್ರಾಂಶವನ್ನು ಬಳಸುತ್ತಾರೆ. ಬೀಗ ಮುರಿದ ಪ್ರತಿಗಳು ಕೈಯಿಂದ ಕೈಗೆ ಹೆಚ್ಚು ದಾಟುವುದು ಇಂತಹ ಬೆಲೆಬಾಳುವ ತಂತ್ರಾಂಶಗಳಲ್ಲೇ. ಆದರೆ ತಯಾರಕರ ಪ್ರಾಯೋಗಿಕ ಆವೃತ್ತಿ ಉಚಿತ. ಅದರಲ್ಲಿ ಪ್ರೋಗ್ರಾಮಿನ ಗಾತ್ರ 2 ಕಿಲೋಬೈಟ್ ಮೀರಬಾರದು ಎಂಬ ಮಿತಿಯಿದೆ, ಅಷ್ಟೇ. ಸಂಖ್ಯೆಗಳನ್ನು ಕೂಡಿಸುವ, ಸಾಲಾಗಿ ಜೋಡಿಸುವ, ದೀಪ ಮಿನುಗಿಸುವ ಲ್ಯಾಬ್ ಪ್ರೋಗ್ರಾಮುಗಳು ಆ ಮಿತಿಯೊಳಗೆ ಆರಾಮವಾಗಿ ಮುಗಿಯುತ್ತವೆ. ಅದಕ್ಕಿಂತ ದೊಡ್ಡದು ಬೇಕಾದರೆ 'ಎಸ್‌ಡಿಸಿಸಿ' ಎಂಬ ಮುಕ್ತ ತಂತ್ರಾಂಶವಿದೆ. ಕೀಲ್ ಡೌನ್‌ಲೋಡ್ ಮಾಡುವಾಗ ಹೆಸರು, ಇಮೇಲ್ ಮುಂತಾದ ವಿವರ ಕೇಳುತ್ತಾರೆ. ಇಂತಹ ಕೆಲಸಕ್ಕೆಂದೇ ಮನೆಯಲ್ಲಿ ಪ್ರತ್ಯೇಕ ಇಮೇಲ್ ಒಂದನ್ನು ಮಾಡಿಟ್ಟುಕೊಳ್ಳಿ. ಬ್ಯಾಂಕಿಗೆ ಕೊಟ್ಟ ಇಮೇಲನ್ನು ಎಲ್ಲೆಂದರಲ್ಲಿ ಬರೆಯುವುದು ಬೇಡ.

ಬೋರ್ಡನ್ನು ಇನ್ನೂ ಕೊಂಡಿಲ್ಲವೇ? 'ಟಿಂಕರ್‌ಕ್ಯಾಡ್' ಎಂಬ ಉಚಿತ ತಾಣದಲ್ಲಿ ಪರದೆಯ ಮೇಲೆಯೇ ಊನೊ ಬೋರ್ಡ್, ದೀಪ, ವಯರುಗಳನ್ನು ಜೋಡಿಸಿ ಪಾಠ ಬರೆದು ನೋಡಬಹುದು. ಮಗಳಿಗೆ ನಿಜವಾಗಿಯೂ ಆಸಕ್ತಿ ಇದೆಯೇ ಎಂಬುದು ಒಂದು ರೂಪಾಯಿ ಖರ್ಚಿಲ್ಲದೆ ನಿಮಗೆ ತಿಳಿಯುತ್ತದೆ.

ಎರಡನೆಯ ಪ್ರಶ್ನೆ: "ಇದನ್ನು ತಯಾರಿಸಿದವರು ಯಾರು? ಅವರ ತಾಣದಿಂದಲೇ ತಂದೆಯಾ?"

ಗೂಗಲ್‌ನಲ್ಲಿ ಹೆಸರು ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುವುದು ಎಷ್ಟೋ ಸಲ ಜಾಹೀರಾತು. ಅದರಡಿ ನಕಲಿ ತಾಣಗಳೂ ಇರಬಹುದು. ಆದ್ದರಿಂದ ಹುಡುಕುವ ಬದಲು ವಿಳಾಸವನ್ನು ನೇರವಾಗಿ ಬರೆಯುವುದು ಉತ್ತಮ. ಆರ್ಡುಯಿನೊದ ವಿಳಾಸ 'ಆರ್ಡುಯಿನೊ ಡಾಟ್ ಸಿಸಿ'. ಕೊನೆಯಲ್ಲಿ 'ಡಾಟ್ ಕಾಮ್' ಅಲ್ಲ, 'ಸಿಸಿ' ಎಂಬುದನ್ನು ನೆನಪಿಡಿ. ಡೌನ್‌ಲೋಡ್ ಒತ್ತಿದಾಗ ದೇಣಿಗೆ ಕೊಡುವಿರಾ ಎಂದು ಕೇಳುತ್ತದೆ. ಕೊಡಬಹುದು, ಕಡ್ಡಾಯವಿಲ್ಲ. 'ಜಸ್ಟ್ ಡೌನ್‌ಲೋಡ್' ಎಂಬುದನ್ನು ಒತ್ತಿದರೆ ಉಚಿತವಾಗಿಯೇ ಇಳಿಯುತ್ತದೆ.

ಅದಕ್ಕೂ ಮೊದಲು ನಿಮ್ಮ ಕಂಪ್ಯೂಟರಿನ ಪ್ರಾಯ ನೋಡಿ. 2022ರಲ್ಲಿ ಬಂದ ಆರ್ಡುಯಿನೊ ಐಡಿಇ ಎರಡನೇ ಸರಣಿಗೆ 64 ಬಿಟ್‌ನ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು. ಹಳೆಯ ಕಂಪ್ಯೂಟರ್ ಆಗಿದ್ದರೆ ಅದೇ ತಾಣದಲ್ಲಿ ಸ್ವಲ್ಪ ಕೆಳಗೆ 1.8.19 ಎಂಬ ಹಳೆಯ ಆವೃತ್ತಿ ಸಿಗುತ್ತದೆ. ಆದರೆ ವಿಂಡೋಸ್ 7ಕ್ಕೆ ಮೈಕ್ರೊಸಾಫ್ಟ್ 2020ರ ಜನವರಿಯಲ್ಲೇ ಸುರಕ್ಷಾ ಪರಿಷ್ಕರಣೆ ನಿಲ್ಲಿಸಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರನ್ನು ಮಗಳ ಕಲಿಕೆಗೆ ಬಿಟ್ಟುಕೊಟ್ಟು, ಬ್ಯಾಂಕಿನ ಕೆಲಸವನ್ನು ಅದರಲ್ಲಿ ಮಾಡದಿರುವುದು ಜಾಣತನ.

ಡೌನ್‌ಲೋಡ್ ಆದ ಮೇಲೆ ಅವಸರ ಬೇಡ. ಮೊದಲು ಮನೆಯ ಫೋಟೋ, ದಾಖಲೆಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ಗೆ ಹಾಕಿ, ಕಂಪ್ಯೂಟರಿನಿಂದ ಬೇರ್ಪಡಿಸಿ, ಕಪಾಟಿನಲ್ಲಿಡಿ. ಇದೊಂದು ಅಭ್ಯಾಸವಿದ್ದರೆ ಯಾವ ಕಳ್ಳನೂ ನಿಮ್ಮನ್ನು ಚೀಟಿ ತೋರಿಸಿ ಹೆದರಿಸಲಾರ.

ನಂತರ ಫೈಲನ್ನು ತೆರೆಯಿರಿ. "ಈ ಕಂಪ್ಯೂಟರಿನ ಎಲ್ಲರಿಗೂ ಅಳವಡಿಸಲೇ, ನಿಮಗೆ ಮಾತ್ರವೇ?" ಎಂದು ಅದು ಕೇಳುತ್ತದೆ. ನಿಮಗೆ ಮಾತ್ರ ಎಂಬುದನ್ನು ಆರಿಸಿದರೆ ಸಾಕು. ನಡುವೆ ವಿಂಡೋಸ್ ಪರದೆಯನ್ನು ಮಂಕಾಗಿಸಿ ಅನುಮತಿ ಕೇಳಿದರೆ, ಅಲ್ಲಿ 'ಪಬ್ಲಿಷರ್' ಎಂಬ ಸಾಲನ್ನು ಓದಿ. ನಿಮಗೆ ಗೊತ್ತಿರುವ ತಯಾರಕರ ಹೆಸರಿದ್ದರೆ ಮುಂದುವರಿಯಿರಿ. 'ಅನ್‌ನೋನ್' ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ, ಕಾಲೇಜಿನ ಅಧ್ಯಾಪಕರನ್ನು ಕೇಳಿ. ಮೊದಲ ಸಲ ತೆರೆದಾಗ ಫೈರ್‌ವಾಲ್ ಕೂಡ ಅನುಮತಿ ಕೇಳುವುದುಂಟು. ಗಾಬರಿಯಾಗಬೇಡಿ. ಅಂತರ್ಜಾಲದಿಂದ ಉಳಿದ ಭಾಗಗಳನ್ನು ತರಲು, ಬೋರ್ಡುಗಳನ್ನು ಹುಡುಕಲು ಅದು ಹಾಗೆ ಕೇಳುತ್ತದೆ. ಮನೆಯ ನೆಟ್‌ವರ್ಕ್‌ಗೆ ಮಾತ್ರ, ಅಂದರೆ 'ಪ್ರೈವೇಟ್'ಗೆ ಮಾತ್ರ ಒಪ್ಪಿಗೆ ಕೊಡಿ.

ಬೋರ್ಡ್ ಕಾಣಿಸದಿದ್ದಾಗ

ತಂತ್ರಾಂಶ ಕುಳಿತಿತು, ಬೋರ್ಡನ್ನೂ ಜೋಡಿಸಿದ್ದಾಯಿತು. ಆದರೆ ಕಂಪ್ಯೂಟರಿಗೆ ಬೋರ್ಡ್ ಕಾಣಿಸುತ್ತಿಲ್ಲ. ಎಷ್ಟೋ ಮಕ್ಕಳು ಇಲ್ಲಿ ಸೋತು ಅಳುವ ಹಂತಕ್ಕೆ ಬರುತ್ತಾರೆ. ಅವಸರದಲ್ಲಿ ಸಿಕ್ಕಸಿಕ್ಕ ತಾಣದಿಂದ 'ಡ್ರೈವರ್' ಇಳಿಸಿಕೊಳ್ಳುವುದೂ ಈ ಹೊತ್ತಿನಲ್ಲೇ.

ಮೊದಲು ಕೇಬಲ್ ಬದಲಿಸಿ. ಕೆಲವು ಕೇಬಲ್‌ಗಳು ಚಾರ್ಜ್ ಮಾಡಲು ಮಾತ್ರ ಆಗುತ್ತವೆ, ಮಾಹಿತಿ ಸಾಗಿಸುವ ತಂತಿ ಅವುಗಳೊಳಗೆ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಆದರೆ ಮಾತುಕತೆ ನಡೆಯದು. ಕೇಬಲ್ ಸರಿಯಿದ್ದರೂ ಕಾಣಿಸದಿದ್ದರೆ ಬೋರ್ಡಿನ ಯುಎಸ್‌ಬಿ ಕಿಂಡಿಯ ಬಳಿಯ ಸಣ್ಣ ಚಿಪ್‌ನ ಮೇಲಿನ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಅಗ್ಗದ ಬೋರ್ಡುಗಳಲ್ಲಿ ಹೆಚ್ಚಾಗಿ 'ಸಿಎಚ್ 340' ಎಂದಿರುತ್ತದೆ. ಆರ್ಡುಯಿನೊ ತನ್ನ ಬೋರ್ಡಿನ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿರುವುದರಿಂದ ಬೇರೆಯವರೂ ಅದನ್ನು ತಯಾರಿಸಿ ಕಡಿಮೆ ಬೆಲೆಗೆ ಮಾರುತ್ತಾರೆ. ಕಲಿಕೆಗೆ ಅವು ಸಾಕು. ಆದರೆ ಡ್ರೈವರನ್ನು ಮಾತ್ರ ಆ ಚಿಪ್ ತಯಾರಿಸುವ ಚೀನಾದ 'ಡಬ್ಲ್ಯುಸಿಎಚ್' ಕಂಪೆನಿಯ ತಾಣದಿಂದಲೇ ಪಡೆಯಬೇಕು. "ನಿಮ್ಮ ಎಲ್ಲ ಡ್ರೈವರುಗಳನ್ನು ಒಮ್ಮೆಗೇ ಸರಿಪಡಿಸುತ್ತೇವೆ" ಎನ್ನುವ ತಾಣಗಳ ಕಡೆ ಹೋಗಬೇಡಿ. ಡ್ರೈವರ್ ಎಂಬುದು ಕಂಪ್ಯೂಟರಿನ ಒಳಮನೆಯವರೆಗೆ ಪ್ರವೇಶ ಪಡೆಯುವ ತಂತ್ರಾಂಶ. ಅದನ್ನು ಯಾರ ಕೈಯಿಂದ ಪಡೆಯುತ್ತೇವೆ ಎಂಬ ಎಚ್ಚರ ಇರಲೇಬೇಕು.

ಎಲ್ಲವೂ ಸರಿಯಾದ ಮೇಲೆ ಒಂದು ಪರೀಕ್ಷೆ ಮಾಡಿ. 'ಫೈಲ್' ಒತ್ತಿ, 'ಎಕ್ಸಾಂಪಲ್ಸ್', 'ಬೇಸಿಕ್ಸ್', 'ಬ್ಲಿಂಕ್' ಎಂದು ಹೋಗಿ, ಬಾಣದ ಗುರುತನ್ನು ಒತ್ತಿದರೆ ಬೋರ್ಡಿನ ಮೇಲಿನ ಪುಟ್ಟ ದೀಪ ಒಂದು ಸೆಕೆಂಡ್ ಉರಿದು, ಒಂದು ಸೆಕೆಂಡ್ ಆರುತ್ತದೆ. ತಂತ್ರಾಂಶ, ಡ್ರೈವರ್, ಕೇಬಲ್, ಬೋರ್ಡ್ ನಾಲ್ಕೂ ಸರಿಯಿವೆ ಎಂಬುದಕ್ಕೆ ಇದೇ ಸಾಕ್ಷಿ.

ಮೂರನೆಯ ಪ್ರಶ್ನೆ: "ಕಾವಲು ನಿಲ್ಲಿಸಲು ಯಾರಾದರೂ ಹೇಳಿದರಾ?"

ಆ್ಯಂಟಿವೈರಸ್ ನಿಲ್ಲಿಸಿ, ಈ ಕೀ ಹಾಕಿ, ಈ ಆದೇಶವನ್ನು ಕಾಪಿ ಮಾಡಿ ಕಪ್ಪು ಪರದೆಯಲ್ಲಿ ಅಂಟಿಸಿ ಎಂದು ಯಾರು ಹೇಳಿದರೂ, ಅವರು ಒಳ್ಳೆಯ ಸೀನಿಯರ್ ಆಗಿರಲಿ, ಸ್ವಂತ ದೊಡ್ಡಪ್ಪನ ಮಗನೇ ಆಗಿರಲಿ, ಅಲ್ಲಿಗೇ ನಿಲ್ಲಿಸಬೇಕು. ಅವರ ಉದ್ದೇಶ ಕೆಟ್ಟದೆಂದಲ್ಲ. ತಮ್ಮ ಪೆನ್‌ಡ್ರೈವ್‌ನಲ್ಲಿ ಏನಿದೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಹೆಚ್ಚುವರಿ 'ಲೈಬ್ರರಿ'ಗಳು ಬೇಕಾದರೆ ಐಡಿಇಯ ಒಳಗಿರುವ 'ಲೈಬ್ರರಿ ಮ್ಯಾನೇಜರ್' ಮೂಲಕವೇ ಪಡೆಯಲು ಹೇಳಿ.

ಒಂದು ವೇಳೆ ತಪ್ಪಿ ಏನಾದರೂ ಒಳಗೆ ಬಂದಿದೆ ಎಂಬ ಸಂಶಯವಾದರೆ ಮಗಳನ್ನು ಬೈಯುತ್ತಾ ಕೂರಬೇಡಿ. ಬೈಗುಳಕ್ಕೆ ಹೆದರಿದ ಮಕ್ಕಳು ಮುಂದಿನ ಸಲ ಮುಚ್ಚಿಡುತ್ತಾರೆ. ಕೂಡಲೇ ಅಂತರ್ಜಾಲ ಸಂಪರ್ಕ ತಪ್ಪಿಸಿ. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಮೊಬೈಲಿನಿಂದ ಬದಲಿಸಿ. ಕೇಂದ್ರ ಸರಕಾರದ 'ಸೈಬರ್ ಸ್ವಚ್ಛತಾ ಕೇಂದ್ರ' ಎಂಬ ತಾಣದಲ್ಲಿ ಇಂತಹ ಕೀಟಗಳನ್ನು ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ದೀಪ ಮಿನುಗಿದ ಮರುದಿನವೇ ಮಕ್ಕಳಿಗೆ ಮನೆಯ ಫ್ಯಾನನ್ನೂ ಬೋರ್ಡಿನಿಂದ ತಿರುಗಿಸುವ ಆಸೆ ಹುಟ್ಟುತ್ತದೆ. ಬೋರ್ಡಿನ 5 ವೋಲ್ಟ್ ನಿರಪಾಯಕಾರಿ, ಗೋಡೆಯ 230 ವೋಲ್ಟ್ ಪ್ರಾಣಾಂತಿಕ. ಅಧ್ಯಾಪಕರು ಪಕ್ಕದಲ್ಲಿಲ್ಲದೆ ಅದಕ್ಕೆ ಕೈ ಹಾಕಲು ಬಿಡಬೇಡಿ.

ಸಹೋದರಿಯರೇ, ಹೆಣ್ಣುಮಕ್ಕಳಿಗೆ ಯಂತ್ರಗಳ ಕೆಲಸ ಒಗ್ಗದು ಎಂಬ ಮಾತನ್ನು ನಾವೆಲ್ಲ ಕೇಳುತ್ತಲೇ ಬೆಳೆದಿದ್ದೇವೆ. ಹೊಲಿಗೆ ಯಂತ್ರವನ್ನು ಬಿಚ್ಚಿ, ಎಣ್ಣೆ ಬಿಟ್ಟು, ಸರಿಪಡಿಸಿ, ಮನೆ ನಡೆಸಿದ ತಾಯಂದಿರ ಊರಿದು. ಹಾಗಿರುವಾಗ ಲ್ಯಾಪ್‌ಟಾಪ್ ಹಾಳಾದೀತು ಎಂಬ ಹೆದರಿಕೆಯಿಂದ ಮಗಳ ಕೈ ಹಿಡಿದು ನಿಲ್ಲಿಸುವುದು ನ್ಯಾಯವಲ್ಲ. ತಮ್ಮನಿಗೆ ಕೊಟ್ಟ ಲ್ಯಾಪ್‌ಟಾಪನ್ನು ಅಕ್ಕನಿಗೆ ನಿರಾಕರಿಸುವುದಂತೂ ಅನ್ಯಾಯವೇ. ಈ ಭಾನುವಾರ ಅರ್ಧ ಗಂಟೆ ಅವಳ ಪಕ್ಕ ಕುಳಿತುಕೊಳ್ಳಿ. ಮೂರು ಪ್ರಶ್ನೆಗಳನ್ನು ಕೇಳಿ. ಉತ್ತರ ಅವಳ ಬಳಿ ಇಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ. ಪಾಠ ಬರೆಯುವ ಕೆಲಸ ಅವಳದು, ಮನೆಯ ಬಾಗಿಲು ಕಾಯುವ ಕೆಲಸ ನಿಮ್ಮದು. ಎರಡೂ ಒಟ್ಟಿಗೇ ನಡೆಯಲಿ.